ಶಿವಗಂಗವ್ವ ಕಲಸಿದ ಕಬ್ಬಿಣದ ಹಿಟ್ಟು

ಗೋಕಾಕದ ಕರದಂಟು ತಿಂದವರು ಬಹಳ, ಹೊಗಳಿದವರು ಇನ್ನೂ ಬಹಳ. ಆದರೆ ಅದರೊಳಗಿನ ಅಂಟಿನಲ್ಲಿ, ಅಂದರೆ ಮರದ ಗೋಂದಿನಲ್ಲಿ, ತೊಗಟೆಯ ಒಂದು ಚೂರಾದರೂ ಹಲ್ಲಿಗೆ ಯಾಕೆ ಸಿಗುವುದಿಲ್ಲ ಎಂದು ಕೇಳಿದವರು ಯಾರೂ ಇಲ್ಲ. ಸಿಗುವುದಿಲ್ಲ, ಯಾಕೆಂದರೆ ಅಂಗಡಿಯ ಹಿಂಬದಿಯಲ್ಲಿ ಶಿವಗಂಗವ್ವನಂಥ ಹೆಂಗಸರು ಕೂತು ಅದನ್ನು ಉಗುರಿನಿಂದ ಆರಿಸಿರುತ್ತಾರೆ. ಮದುವೆಯಾಗಿ ಗೋಕಾಕಕ್ಕೆ ಬಂದ ಮರುವರ್ಷ ಆಕೆ ಆ ಕೆಲಸಕ್ಕೆ ಕೂತವಳು, ಕೂದಲು ಬೆಳ್ಳಗಾಗುವವರೆಗೆ ಏಳಲಿಲ್ಲ. ಅಂಟು ಆರಿಸುವುದು, ಕುಟ್ಟುವುದು, ತುಪ್ಪದಲ್ಲಿ ಅರಳಿಸುವುದು. ಆರಿಸಿದ್ದನ್ನು ಡಬ್ಬಿಗೆ ತುಂಬಿ ಒಲೆಯ ಮೇಲಿನ ಹಲಗೆಗೆ ಏರಿಸುವುದು. ಯಾವ ಹರಳು ಹೂವಿನಂತೆ ಅರಳುತ್ತದೆ, ಯಾವುದು ಕಲ್ಲಾಗಿಯೇ ಉಳಿಯುತ್ತದೆ ಎಂದು ಬಿಸಿಲಿಗೆ ಹಿಡಿದು ನೋಡಿ ಹೇಳುತ್ತಿದ್ದಳು. ಹೊಸ ಚೀಲ ಬಂದರೆ ಮಾಲೀಕ ತಾನೇ ಎದ್ದು ಬಂದು ಆಕೆಯ ಮೂಗಿಗೆ ಹಿಡಿಯುತ್ತಿದ್ದ. ಇದಕ್ಕಿಂತ ದೊಡ್ಡ ಮರ್ಯಾದೆ ಆಕೆಗೆ ಸಿಗಲಿಲ್ಲ, ಆಕೆ ಕೇಳಲೂ ಇಲ್ಲ.

ಗಂಡ ಗುರುಲಿಂಗಪ್ಪನದು ಮೋಟಾರು ವೈಂಡಿಂಗಿನ ಅಂಗಡಿ. ಮೂಡಲಗಿಯ ಕಡೆಯ ಕಬ್ಬಿನ ಗದ್ದೆಗಳಲ್ಲಿ ಸುಟ್ಟ ಪಂಪುಗಳೆಲ್ಲ ಅವನ ಬಾಗಿಲಿಗೇ ಬರುತ್ತಿದ್ದವು. ಹಳೆಯ ತಂತಿ ಸುಟ್ಟು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಕುಡಿಸಿ ಕೊಡುತ್ತಿದ್ದ. ಸುತ್ತು ಎಣಿಸುವಾಗ ಎದುರಿಗೆ ಸಾಕ್ಷಾತ್ ಶಿವನೇ ಬಂದರೂ ಕತ್ತೆತ್ತುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಶಿವಗಂಗವ್ವ ಗಂಡನಿಗೆ ಅನುಕೂಲವಾಗಲಿ ಎಂದು ಒಂದು ತಂತಿಯ ಸುರುಳಿಯನ್ನು ಬಟ್ಟೆಯಿಂದ ಒರೆಸಿ ನೀಟಾಗಿ ಇಟ್ಟಿದ್ದಳು. ಅವನು ಅಂಗಡಿ ಹಾರಿಹೋಗುವ ಹಾಗೆ ಒದರಿದ. ಅಂದಿನಿಂದ ಆಕೆ ಅವನ ಕೆಲಸಕ್ಕೆ ಕೈ ಹಚ್ಚಲಿಲ್ಲ. ಚಹಾ ತಂದರೆ ಹೊಸ್ತಿಲ ಮೇಲಿಟ್ಟು, ಅವನು ಕಪ್ಪು ಖಾಲಿ ಮಾಡುವವರೆಗೆ ಅಲ್ಲೇ ಕೂತಿದ್ದು ಎದ್ದು ಹೋಗುವಳು. ಕೆಟ್ಟವನಲ್ಲ ಅವನು. ಹೂ ತರುತ್ತಿದ್ದ, ಸಿಟ್ಟೂ ತರುತ್ತಿದ್ದ, ಎರಡನ್ನೂ ಆಕೆ ಮುಡಿದುಕೊಂಡೇ ಇದ್ದಳು.

ಸುಟ್ಟ ತಂತಿಯ ಹೊಗೆ ಸುಮ್ಮನೆ ಬಿಡುತ್ತದೆಯೇ? ಅರವತ್ತು ದಾಟುವ ಹೊತ್ತಿಗೆ ಗುರುಲಿಂಗಪ್ಪನ ಎದೆ ಕಮ್ಮಾರನ ಹಳೆಯ ತಿದಿಯಾಗಿತ್ತು. ಊರಿನ ಧೂಳು ಬಿಡಿ, ಎತ್ತರದ ಗಾಳಿಗೆ ಹೋಗಿ ಎಂದರು ಡಾಕ್ಟರು. ಮೂಡಲಗಿಗೆ ಮದುವೆ ಮಾಡಿಕೊಟ್ಟ ಮಗಳು ಶೋಭಾ ಕರೆದಳು. ಬೀಗರ ಮನೆ ಹಬ್ಬಕ್ಕೆ ಚೆಂದ ಎಂದು ಅವನು ನಕ್ಕುಬಿಟ್ಟ. ಕಣಗಲಾ ಎಂಬ ಊರಿನ ಹತ್ತಿರ ಗುಡ್ಡದ ಓರೆಯಲ್ಲಿ ಅವನ ಪಾಲಿಗೆ ಒಂದು ತುಂಡು ಹೊಲವಿತ್ತು. ಅಲ್ಲಿ ತಗಡಿನ ಮನೆ ಎಬ್ಬಿಸಿದರು. ಕೆಳಗೆ ಹೈವೇಯ ಲಾರಿಗಳು, ಮೇಲೆ ಬರೀ ಗಾಳಿ. ಸ್ವಲ್ಪ ದಿನಕ್ಕೆ ಗಾಳಿಯೂ ಸಾಲದೆ, ಉಸಿರಿಗೆ ಆಕ್ಸಿಜನ್ ಕೊಡುವ ಮಶೀನು ಬಂತು. ಕರೆಂಟು ಇದ್ದರೆ ಮಶೀನು, ಮಶೀನು ಇದ್ದರೆ ಗುರುಲಿಂಗಪ್ಪ. ಕರೆಂಟು ತಾಸುಗಟ್ಟಲೆ ಹೋಗುವಂತಿದ್ದರೆ ಮನೆಯಲ್ಲಿ ಇಡಬೇಡಿ, ನೇರ ದವಾಖಾನೆಗೆ ತನ್ನಿ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

ಆ ದವಾಖಾನೆ ಎಂಬ ಮಾತಿಗೇ ಅವನು ಹೆದರುತ್ತಿದ್ದ. ಅವನ ಅಣ್ಣ ಲಕ್ಕಪ್ಪ ದೂರದ ದೊಡ್ಡ ಆಸ್ಪತ್ರೆಯಲ್ಲಿ, ಮೂಗುಬಾಯಿಗೆಲ್ಲ ನಳಿಕೆ ಚುಚ್ಚಿಸಿಕೊಂಡು, ಹೆಂಡತಿ ಮಕ್ಕಳು ಗಾಜಿನ ಆಚೆ ನಿಂತಿರುವಾಗ ಹೋಗಿದ್ದ. ಬಾಯಿಗೆ ಒಂದು ಹನಿ ನೀರು ಬಿಟ್ಟವರಿರಲಿಲ್ಲ. ಅದನ್ನು ಗುರುಲಿಂಗಪ್ಪ ಕಣ್ಣಾರೆ ಕಂಡಿದ್ದ. ಮಶೀನು ಬಂದ ದಿನವೇ ಹೆಂಡತಿಯನ್ನು ಹತ್ತಿರ ಕೂರಿಸಿಕೊಂಡ.

"ನನ್ನ ಜೀವಾ ಹೋಗೂದಾದ್ರ ಈ ತಗಡಿನ ಕೆಳಗ ಹೋಗ್ಲಿ. ಗಾಜಿನ ಖೋಲ್ಯಾಗ ಬ್ಯಾಡ. ಇದೊಂದು ನಡೆಸಿಕೊಡು, ಮತ್ತೇನೂ ಕೇಳೂದಿಲ್ಲ."

ಆಕೆ ಕೊರಳಲ್ಲಿನ ಲಿಂಗವನ್ನು ಕೈಯಲ್ಲಿ ಹಿಡಿದು ಹೂಂ ಅಂದಳು.

ಮಾತು ಕೊಡುವುದು ಸುಲಭ, ಕರೆಂಟು ಕೊಡುವವರು ಯಾರು? ಆ ಗುಡ್ಡದಲ್ಲಿ ಒಂದು ಮೋಡ ಕೆಮ್ಮಿದರೆ ಲೈನು ಹೋಗುತ್ತಿತ್ತು. ಬ್ಯಾಟರಿಗಳಿದ್ದವು, ಇನ್ವರ್ಟರ್ ಇತ್ತು, ಒಂದು ಸಣ್ಣ ಸಿಲಿಂಡರೂ ಇತ್ತು. ಆದರೆ ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬಬೇಕಲ್ಲ. ಸೌರ ಫಲಕ ಹಾಕಿಸು ಎಂದವರಿಗೆ ಗುರುಲಿಂಗಪ್ಪ, ಆಷಾಢದಲ್ಲಿ ನಿಮ್ಮ ಸೂರ್ಯ ಎಲ್ಲಿರುತ್ತಾನೆ ಎಂದು ಕೇಳಿದ. ಆಷಾಢದಲ್ಲಿ ಅಲ್ಲಿ ಇರುವುದು ಗಾಳಿ ಒಂದೇ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಈ ಪುಣ್ಯಾತ್ಮ ಗಾಳಿಯಂತ್ರ ಕಟ್ಟಿ, ಗಾಳಿಯನ್ನೇ ಹಿಡಿದು ಬ್ಯಾಟರಿಗೆ ತುಂಬಲು ಹೊರಟ.

ಜೊತೆಗೆ ನಿಂತವನು ತವನಪ್ಪ. ಹುಕ್ಕೇರಿಯಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿದ್ದ ಜೈನರವನು, ಗುರುಲಿಂಗಪ್ಪನ ಹಳೆಯ ದೋಸ್ತ. ಸುಳ್ಳಾಡುವುದಿಲ್ಲ ಎಂದು ಮುನಿಗಳ ಮುಂದೆ ವ್ರತ ಹಿಡಿದವನು. ಕೆಲಸ ನಾಳೆಗೆ ಮುಗಿಯದಿದ್ದರೆ 'ನಾಳೆ ಬಾ' ಎಂದು ಗಿರಾಕಿಗೂ ಹೇಳುತ್ತಿರಲಿಲ್ಲ. ಇಂಥವನ ಅಂಗಡಿ ಅಷ್ಟು ವರ್ಷ ನಡೆದದ್ದೇ ಒಂದು ಸೋಜಿಗ. ಅವನು ಎರಡು ಉಕ್ಕಿನ ತಟ್ಟೆ ಕಡೆದು ಕೊಟ್ಟ. ಹಳೆಯ ಕಾರಿನ ಗಾಲಿಯ ನಡುವಿನ ಗುಂಬ, ಅದು ಸಲೀಸಾಗಿ ತಿರುಗಲು ಒಳಗೆ ಕೂರುವ ಬೇರಿಂಗು, ಹಾಳಾದ ಲೌಡ್‌ಸ್ಪೀಕರುಗಳ ಮ್ಯಾಗ್ನೆಟ್ಟುಗಳು ಸೇರಿದವು. ಮ್ಯಾಗ್ನೆಟ್ ಅಂಟಿಸಿದ ಎರಡು ತಟ್ಟೆಗಳು, ಮುಂದೆ ಕಟ್ಟಿದ ರೆಕ್ಕೆಗಳ ಜೊತೆ, ಗಾಳಿಗೆ ತಿರುಗಬೇಕು. ನಡುವೆ, ಎರಡೂ ಕಡೆ ಒಂದು ರೊಟ್ಟಿಯ ದಪ್ಪದಷ್ಟೇ ಸಂದಿ ಬಿಟ್ಟು, ತಾಮ್ರದ ಸುರುಳಿಗಳನ್ನು ಕಟ್ಟಿದ ಸಾಗವಾನಿ ಹಲಗೆ ಅಲ್ಲಾಡದೆ ನಿಂತಿರಬೇಕು. ಆ ನಿಂತ ಭಾಗಕ್ಕೆ ಸ್ಟೇಟರ್ ಎನ್ನುತ್ತಾರೆ. ಕರೆಂಟು ಹುಟ್ಟುವುದು ಅಲ್ಲೇ.

ಹುಟ್ಟಿತು, ಆದರೆ ಬಡಕಲಾಗಿ ಹುಟ್ಟಿತು. ಹಳೆಯ ಮ್ಯಾಗ್ನೆಟ್ಟುಗಳಿಗೆ ಕಸುವಿರಲಿಲ್ಲ, ಸುರುಳಿಗಳ ಹೊಟ್ಟೆ ಖಾಲಿ ಇತ್ತು. ಹೊಟ್ಟೆಗೆ ಕಬ್ಬಿಣ ಹಾಕಿದರೆ ಮ್ಯಾಗ್ನೆಟ್ಟಿನ ಬಲ ಅಲ್ಲಿ ಬಂದು ಕೂಡುತ್ತದೆ ಎಂದು ಇಡಿಯ ಬೋಲ್ಟುಗಳನ್ನು ತುರುಕಿ ನೋಡಿದ. ಮ್ಯಾಗ್ನೆಟ್ಟುಗಳು ಬೋಲ್ಟುಗಳನ್ನು ಹಿಡಿದುಕೊಂಡು ಸಣ್ಣ ಗಾಳಿಗೆ ರೆಕ್ಕೆ ಕದಲಲೇ ಇಲ್ಲ. ದೊಡ್ಡ ಗಾಳಿಗೆ ತಿರುಗಿದಾಗ ಬೋಲ್ಟು ಕೈಸುಡುವಷ್ಟು ಕಾದವು. ಇಡಿಯಾದ ಕಬ್ಬಿಣದಲ್ಲಿ ಕರೆಂಟು ತನ್ನಷ್ಟಕ್ಕೆ ತಾನೇ ಸುತ್ತುತ್ತ ಕಾಯುತ್ತದೆ ಎಂಬುದು ಅವನಿಗೆ ಗೊತ್ತಿದ್ದದ್ದೇ. ಅದಕ್ಕೇ ಕಬ್ಬಿಣದ ಹಿಟ್ಟು ಬೇಕು ಎಂದ.

"ಲಿಂಗದ ಮ್ಯಾಲ ಹೊದಿಸಿದ ಕರೇ ಕಂಥಿ ಇರ್ತೈತಿ ನೋಡು, ಹಂಗ ಒಂದೊಂದು ಕಣಕ್ಕೂ ಒಂದೊಂದು ಕಂಥಿ ಕಟ್ಟಬೇಕು. ಒಂದಕ್ಕೊಂದು ಮುಟ್ಟಬಾರದು, ಒಂದನ್ನೊಂದು ಬಿಡಲೂಬಾರದು," ಎಂದು ತವನಪ್ಪನಿಗೆ ಹೇಳಿದ. ಹೊಸ್ತಿಲಲ್ಲಿ ಕೂತು ಕೇಳಿದ ಶಿವಗಂಗವ್ವನಿಗೆ ಅವರ ಮಾತಿನಲ್ಲಿ ಮೊದಲ ಬಾರಿ ಏನೋ ತಿಳಿದಂತಾಯಿತು.

ಬೀಡುಕಬ್ಬಿಣದ ಗಾಲಿಗಳನ್ನು ಕಡೆಯುವಾಗ ಲೇತಿನ ಕೆಳಗೆ ಬೀಳುವ ಪುಡಿಯನ್ನು ತವನಪ್ಪ ಚೀಲ ತುಂಬಿ ತಂದ. ಕಂಥಿ ಕಟ್ಟಲು ರಾಳದ ಡಬ್ಬಿಯನ್ನೂ ತಂದ. ಅಂಗಳದಲ್ಲಿ ಅದರ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಗುರುಲಿಂಗಪ್ಪನ ಉಸಿರು ಕಟ್ಟಿತು. ತುಟಿ ನೀಲಿಯಾಗಿ, ಒಳಗೆ ಹೊತ್ತುಕೊಂಡು ಹೋಗಿ ಮಲಗಿಸುವಷ್ಟು ಆಯಿತು. ನನ್ನ ಅಂಗಡಿಯಲ್ಲೇ ರಾಳ ಹಾಕಿ ತರುತ್ತೇನೆ ಎಂದು ತವನಪ್ಪ ಪರಿಪರಿಯಾಗಿ ಹೇಳಿದ. ಒಪ್ಪಲಿಲ್ಲ. ಉಳಿದದ್ದು ಯಾರಾದರೂ ಮಾಡಲಿ, ಸ್ಟೇಟರ್ ಮಾತ್ರ ತನ್ನ ಕಣ್ಣ ಮುಂದೆ, ತನ್ನ ಅಂಗಳದಲ್ಲಿ ಆಗಬೇಕು. ಹಟ ಅಂದರೆ ಹಟ. ಹುಟ್ಟುಗುಣ ಸುಟ್ಟರೂ ಹೋಗದು.

ಆಗ ಹೊಸ್ತಿಲಿನಿಂದ ಶಿವಗಂಗವ್ವ ಕೇಳಿದಳು, ಅಂಟಿನಲ್ಲಿ ಕಲಸಿದರೆ ಹೇಗೆ ಎಂದು. ಕೇಳಿ, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಗುರುಲಿಂಗಪ್ಪ ಒದರಲಿಲ್ಲ. ಆಕೆಯ ಕಡೆ ತಿರುಗಿ ಕೇಳಿದ.

"ಗಟ್ಟಿ ಹಿಡೀತೈತೇನು?"

"ಒಮ್ಮಿ ಒಣಗಿದ್ರ ಹಲ್ಲು ಮುರೀತೈತ್ರಿ, ಅಂಟು ಬಿಡೂದಿಲ್ಲ."

ಸುಳ್ಳೇನೂ ಹೇಳಲಿಲ್ಲ ಆಕೆ. ತಾನು ಕಂಡ ಅಂಟಿನ ಮಾತನ್ನೇ ಹೇಳಿದಳು. ಗುರುಲಿಂಗಪ್ಪ ಚಾಪೆಯ ಮೇಲೆ ಸರಿದು, ಪಕ್ಕದಲ್ಲಿ ಜಾಗ ಮಾಡಿ, ಬಾ ಕೂಡು ಎಂದ. ಜನ್ಮದಲ್ಲಿ ಮೊದಲ ಬಾರಿಗೆ ತಾಮ್ರದ ಸುರುಳಿಯೊಂದನ್ನು ಎತ್ತಿ ಆಕೆಯ ಕೈಗೆ ಕೊಟ್ಟ. ಶಿವಗಂಗವ್ವ ಅದನ್ನು ಹಸುಗೂಸಿನಂತೆ ಹಿಡಿದಳು.

ಕಬ್ಬಿಣದ ಪುಡಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಮೈದಾ ಹಿಟ್ಟಿಗಿಂತ ನುಣ್ಣಗೆ ಮಾಡಿದಳು. ಅಂಟು ನೆನೆಹಾಕಿ, ಜೇನಿನ ಹದಕ್ಕೆ ತಂದು, ಚೂರುಚೂರೇ ಹಿಟ್ಟು ಬೆರೆಸುತ್ತ ನಾದಿದಳು. ಸುರುಳಿಗಳ ಹೊಟ್ಟೆಗೆ ತುಂಬಿ, ಕುಟ್ಟಾಣಿಯಿಂದ ಬಡಿದು, ಹೆಬ್ಬೆರಳಿನಿಂದ ಮಟ್ಟ ಮಾಡಿದಳು. ಇನ್ನೊಂದಿಷ್ಟು ಇತ್ತ, ಇಲ್ಲಿ ಮೆತ್ತಗೆ ಎಂದು ಅವನು ಹೇಳುತ್ತಿದ್ದ. ಆಕೆ ಹದ ನನಗೆ ಬಿಡಿ ಎಂದು ತಿರುಗಿ ಹೇಳುತ್ತಿದ್ದಳು. ಚೈತ್ರದ ಬಿಸಿಲು. ಕೆಲವೇ ದಿನಗಳಲ್ಲಿ ಒಣಗಿ, ಬೆರಳಿನಿಂದ ತಟ್ಟಿದರೆ ಠಣ್ ಎನ್ನುವಂತಾಯಿತು. ತವನಪ್ಪ ಮೇಲೆ ಒಂದು ಕೈ ಬಣ್ಣ ಬಳಿದ.

ಯಂತ್ರವನ್ನು ಕಂಬಕ್ಕೆ ಏರಿಸಿದ ದಿನ ಬರೀ ಸೆರಗು ಅಲುಗುವಷ್ಟು ಗಾಳಿ. ಆದರೂ ರೆಕ್ಕೆ ತಿರುಗಿದವು. ಸಂಜೆಯೊಳಗೆ ಬ್ಯಾಟರಿ ತುಂಬಿತು. ಕರೆಂಟು ಹೋದರೂ ಮಶೀನು ಗುಂಯ್ ಎನ್ನುತ್ತ ನಡೆಯಿತು, ಗುರುಲಿಂಗಪ್ಪ ನಿದ್ದೆ ಹೋದ. ಕುರಿ ಕಾಯುವವರು, ಬಸ್‌ಸ್ಟಾಂಡಿನ ಹೆಂಗಸರು, ಯಾರು ಸಿಕ್ಕರೂ ಶಿವಗಂಗವ್ವ ಕಂಬದ ತುದಿಗೆ ಕೈ ಮಾಡಿ, ಅದರ ಹೊಟ್ಟೆಯಲ್ಲಿ ನನ್ನ ಅಂಟಿದೆ ಎಂದು ತೋರಿಸುತ್ತಿದ್ದಳು. ಬಂದವರಿಗೆ ಅವನೂ ಹೇಳುತ್ತಿದ್ದ, ಅರ್ಧ ಕೆಲಸ ಈಕೆಯದು ಎಂದು. ಆ ಮಾತು ಕೇಳಲು ಆಕೆ ನೀರು ತರುವ ನೆಪದಲ್ಲಿ ಒಳಗೂ ಹೊರಗೂ ಓಡಾಡುತ್ತಿದ್ದಳು. ಆಕೆಯ ಬಾಳಿನಲ್ಲಿ ಅದಕ್ಕಿಂತ ಸುಖದ ಬೇಸಿಗೆ ಬಂದಿರಲಿಲ್ಲ.

ಆಷಾಢ ಬಂತು. ಆ ಗುಡ್ಡಕ್ಕೆ ಮಳೆ ಬೀಳುವುದಕ್ಕಿಂತ ಹೆಚ್ಚಾಗಿ ಮೋಡವೇ ಇಳಿದು ಕೂರುತ್ತದೆ. ಹಾಕಿದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಗಾಳಿಯೇನೋ ಅವನು ಹೇಳಿದಂತೆ ಭೋರೆಂದು ಬಂತು. ಆದರೆ ಒಂದು ಬೆಳಿಗ್ಗೆ ಮೇಲಿನಿಂದ ಹಿಟ್ಟು ಬೀಸಿದಂಥ ಸಪ್ಪಳ ಕೇಳಿಸಿತು. ಗುರುಲಿಂಗಪ್ಪ ಅತ್ತ ಕಿವಿಗೊಟ್ಟ. ಮಧ್ಯಾಹ್ನಕ್ಕೆ ರೆಕ್ಕೆಗಳು ಆ ಹುಚ್ಚು ಗಾಳಿಯಲ್ಲೂ ನಡುಗುತ್ತ ನಿಂತುಬಿಟ್ಟವು. ಅದೇ ಗಾಳಿಗೆ ಕೆಳಗೆ ಲೈಟಿನ ಕಂಬಗಳು ಉರುಳಿ, ಲೈನೂ ಹೋಯಿತು.

ಫೋನು ಮಾಡಿದ ಕೂಡಲೇ ತವನಪ್ಪ ಜೀಪು ತೆಗೆದುಕೊಂಡು ಬಂದ. ಇಬ್ಬರು ಆಳುಗಳೊಂದಿಗೆ ಯಂತ್ರವನ್ನು ಇಳಿಸಿ ಪಡಸಾಲೆಗೆ ತಂದು ಬಿಚ್ಚಿದ. ಗುರುಲಿಂಗಪ್ಪ ಸಿಲಿಂಡರಿನ ನಳಿಕೆ ಮೂಗಿಗೆ ಹಚ್ಚಿಕೊಂಡೇ ಬಗ್ಗಿ ನೋಡಿದ. ಶಿವಗಂಗವ್ವ ಒಳಗೆ ದವಾಖಾನೆಗೆ ಬೇಕಾದ ಬಟ್ಟೆ ಕಟ್ಟುತ್ತಿದ್ದಳು. ಹೊರಗೆ ಏನೋ ಪಿಸುಮಾತು. ಆಕೆ ಬಾಗಿಲಿಗೆ ಬಂದಾಗ ಯಂತ್ರದ ಮೇಲೆ ಗೋಣಿಚೀಲ ಬಿದ್ದಿತ್ತು.

"ಬೇರಿಂಗ್ ಹೋಗೇತಿ," ಎಂದ ಗುರುಲಿಂಗಪ್ಪ. "ಹಳೇದನ್ನ ಹಾಕಿದ್ದೆ. ನನ್ನ ತಪ್ಪು."

ತವನಪ್ಪ ನೆಲ ನೋಡುತ್ತ ನಿಂತಿದ್ದ. ಗೋಣಿಚೀಲದ ಸಮೇತ ಅದನ್ನು ಜೀಪಿನ ಹಿಂಬದಿಗೆ ಏರಿಸಿದ, ಗೆಳೆಯನನ್ನು ಮುಂದೆ ಕೂರಿಸಿದ. ಸಿಲಿಂಡರು ಬೆಳಗಾವಿಯ ದವಾಖಾನೆಯವರೆಗೆ ಸಾಕಾಯಿತು.

ಗಾಜಿನ ಖೋಲಿಯೇ ಸಿಕ್ಕಿತು. ಸಂಜೆ ಒಂದಿಷ್ಟು ಹೊತ್ತು ಮಾತ್ರ ಒಳಗೆ ಬಿಡುತ್ತಿದ್ದರು. ಆಕೆಯನ್ನು ಕಂಡ ಕೂಡಲೇ ಅವನು ಬಾಯಿಯ ಮುಸುಕು ಸರಿಸಿ, ಮನಿಗಿ ಹೋಗೂಣು ಎನ್ನುವನು. ಡಾಕ್ಟರನ್ನು ಕೇಳಿದರೆ, ಅಲ್ಲಿ ಕರೆಂಟು ಬಂದಿದೆಯೇ ಎಂದು ಕೇಳುವರು. ಬಂದಿರಲಿಲ್ಲ. ಶಿವಗಂಗವ್ವ ಕಾರಿಡಾರಿನಲ್ಲಿ ಕೂತು ಕೂತು ಸವೆದಳು. ಕೊಟ್ಟ ಮಾತು ಒಳಗೇ ಚುಚ್ಚುತ್ತಿತ್ತು. ಒಂದು ಸಂಜೆ ಅವನು ಮತ್ತೆ ಮನೆ ಎಂದಾಗ ಆಕೆಯ ತಾಳ್ಮೆ ಹರಿಯಿತು.

"ನಾ ಏನ್ ಮಾಡ್ಲ್ರಿ? ಜೀವಾ ಅದರ ಮ್ಯಾಲ ಐತಿ ಅಂತ ಗೊತ್ತಿದ್ದೂ ಹಳೇ ಬೇರಿಂಗ್ ಹಾಕಿದವ್ರು ನೀವ. ಕೈಯಾರೆ ಕೆಡಿಸಿಕೊಂಡು, ಈಗ ಮನಿ ಮನಿ ಅಂದ್ರ ನಾ ಎಲ್ಲಿಂದ ತರ್ಲಿ?"

ಗುರುಲಿಂಗಪ್ಪ ಆಕೆಯನ್ನು ನೋಡಿದ. ಆಮೇಲೆ ನಿಧಾನವಾಗಿ ತಲೆಯಾಡಿಸಿದ.

"ಹೌದು. ನನ್ನ ತಪ್ಪು," ಎಂದು ಮುಸುಕನ್ನು ತಾನೇ ಬಾಯಿಗೆ ಎಳೆದುಕೊಂಡ.

ಮತ್ತೆ ಮನೆಯ ಮಾತು ಎತ್ತಲಿಲ್ಲ. ಎರಡು ದಿನದ ನಂತರ, ಆಕೆ ಗಾಜಿನ ಆಚೆ ಇದ್ದಾಗ, ಹೋದ. ಒಂದು ಹನಿ ನೀರು ಅವನ ಬಾಯಿಗೂ ಬೀಳಲಿಲ್ಲ.

ಹೊಲದಲ್ಲಿ, ಆ ಬೋಳು ಕಂಬದ ಪಕ್ಕದಲ್ಲೇ ಕುಳ್ಳಿರಿಸಿ, ವಿಭೂತಿ ತುಂಬಿ ಮಣ್ಣು ಕೊಟ್ಟರು. ಮಾತಾಡಿಸಲು ಬಂದವರಿಗೆಲ್ಲ ಶಿವಗಂಗವ್ವ ಬೇರಿಂಗಿನ ಕಥೆ ಹೇಳಿದಳು. ಹಳೆಯದನ್ನು ಹಾಕಿ ತಮ್ಮ ಜೀವ ತಾವೇ ಕಳಕೊಂಡರು ಎಂದಳು. ಮಗಳಿಗೆ ಹೇಳಿದಳು, ಕುರುಬರಿಗೆ ಹೇಳಿದಳು. ಸಿಟ್ಟು ಮಾಡಿದಷ್ಟು ಹೊತ್ತು ಅಳು ದೂರ ಇರುತ್ತಿತ್ತು, ಅದಕ್ಕೇ ಸಿಟ್ಟನ್ನು ಬಿಡಲಿಲ್ಲ. ಇನ್ನೊಂದು ಸಿಟ್ಟು ತವನಪ್ಪನ ಮೇಲೆ. ಮಣ್ಣಿಗೆ ಬಂದವನು ದೂರ ನಿಂತು ಹೊರಟುಹೋಗಿದ್ದ. ಕಾರ್ಯಕ್ಕೆ ಹೆಂಡತಿ ಸುಂದರಾಬಾಯಿಯನ್ನು ಕಳಿಸಿ, ತಾನು ಇತ್ತ ತಲೆ ಹಾಕಲಿಲ್ಲ. ಇಷ್ಟೇ ಏನು ದೋಸ್ತಿ ಎಂದು ಆಕೆ ನೊಂದಳು.

ದೀಪಾವಳಿ ಕಳೆದ ಮೇಲೆ ಆಕೆಗೆ ಒಂದು ವಿಚಾರ ಬಂತು. ಹೊಸ ಬೇರಿಂಗ್ ಹಾಕಿಸಿ ಯಂತ್ರವನ್ನು ಮತ್ತೆ ಏರಿಸಬೇಕು. ಅವನಂತೂ ಆ ತಗಡಿನ ಕೆಳಗೆ ಬರಲಿಲ್ಲ, ಅವನು ಕಟ್ಟಿದ ಗಾಳಿಯ ದೀಪವಾದರೂ ಅಲ್ಲಿ ಉರಿಯಲಿ. ಬಸ್ಸು ಹತ್ತಿ ಹುಕ್ಕೇರಿಗೆ ಹೋದಳು.

ಆಕೆಯನ್ನು ಕಂಡು ತವನಪ್ಪ ಲೇತ್ ನಿಲ್ಲಿಸಿದ. ಕುರ್ಚಿ ಒರೆಸಿ ಕೊಟ್ಟ, ನೀರು ಕೊಟ್ಟ, ಯಂತ್ರದ ಮಾತು ಎತ್ತಿದಾಗ ಮಾತ್ರ ಚಹಾ ಹೇಳಲು ಎದ್ದು ಬಾಗಿಲಿಗೆ ಹೋದ. ಮೂಲೆಯಲ್ಲಿ ಅದೇ ಗೋಣಿಚೀಲ ಕಂಡಿತು. ಶಿವಗಂಗವ್ವ ತಾನೇ ಹೋಗಿ ಎಳೆದಳು. ಬಿಚ್ಚಿಟ್ಟ ಬೇರಿಂಗ್ ಮೇಲೆಯೇ ಇತ್ತು. ಒಳಗೆ ಬೆರಳು ತೂರಿಸಿ ಹೊರಗಿನ ಬಳೆಯನ್ನು ತಿರುವಿದಳು. ಅದು ಒಂದಿಷ್ಟೂ ಸಪ್ಪಳವಿಲ್ಲದೆ, ಎಣ್ಣೆಯಲ್ಲಿ ಈಜಿದಂತೆ ತಿರುಗಿತು, ತಿರುಗುತ್ತಲೇ ಇತ್ತು. ಇಡೀ ಸಂಸಾರವನ್ನು ಮೋಟಾರಿನಂಗಡಿಯ ಹೊಸ್ತಿಲಲ್ಲಿ ಕಳೆದವಳಿಗೆ ಒಳ್ಳೆಯ ಬೇರಿಂಗ್ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಸ್ಟೇಟರ್ ನೋಡಿದಳು. ಸುರುಳಿಗಳ ಹೊಟ್ಟೆಯಲ್ಲಿ ತಾನು ಮಟ್ಟ ಮಾಡಿದ ಹಿಟ್ಟು, ಹುದುಗು ಬಂದ ಹಾಗೆ ಉಬ್ಬಿ ಹಲಗೆಯ ಮೇಲೆ ಎದ್ದಿತ್ತು. ಬಣ್ಣ ಒಡೆದು ಒಳಗೆಲ್ಲ ಕೆಂಪು ತುಕ್ಕು. ಉಬ್ಬಿದ್ದನ್ನು ಮ್ಯಾಗ್ನೆಟ್ಟಿನ ತಟ್ಟೆಗಳು ಉಜ್ಜಿ ಉಜ್ಜಿ, ತಾಮ್ರದ ತಂತಿಯನ್ನೂ ಹರಿದು ಹಾಕಿದ್ದವು. ಬೆರಳು ಒತ್ತಿದಳು, ಇನ್ನೂ ಜಿಗುಟಿತ್ತು. ಮೂಗಿಗೆ ಹಿಡಿದಳು. ತುಕ್ಕಿನ ಕೆಳಗೆ ತನ್ನ ಅಂಟಿನ ವಾಸನೆ ಇತ್ತು. ಕರದಂಟಿನ ಅಂಗಡಿಯಲ್ಲಿ ಅಂಟಿನ ಡಬ್ಬಿಗಳು ಮಳೆಗಾಲವೆಲ್ಲ ಒಲೆಯ ಮೇಲಿನ ಹಲಗೆಯಲ್ಲೇ ಇರುತ್ತಿದ್ದವು. ಒಲೆಯಿಲ್ಲದ ಕಡೆ ಅಂಟು ಆಷಾಢದ ತೇವ ಕುಡಿದು ಏನಾಗುತ್ತದೆ ಎಂಬುದನ್ನು ಅಷ್ಟು ವರ್ಷ ಅಂಟನ್ನೇ ಆರಿಸಿದ ಆಕೆ ಒಮ್ಮೆಯೂ ಕಂಡಿರಲಿಲ್ಲ.

"ಬೇರಿಂಗ್ ಹೋಗಿತ್ತೇನ್ರಿ, ತವನಪ್ಪಣ್ಣಾ?" ಎಂದು ಕೇಳಿದಳು.

ತವನಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಲ್ರೆವಾ. ನೀವು ಕೇಳಿದ್ರ ಸುಳ್ಳು ಹೇಳಾಕ ಆಗೂದಿಲ್ಲಂತ ನಿಮ್ಮ ಮನಿ ಕಡೆ ಬರಲಿಲ್ಲ ನಾ. ಅವತ್ತ ಅಂವಾ ನನ್ನ ಕೈ ಹಿಡಕೊಂಡು ಹೇಳಿದ. 'ಜೀವನದಾಗ ಒಮ್ಮಿ ಆಕಿ ಕೈ ನನ್ನ ಕೆಲಸಕ್ಕ ಹತ್ತೇತಿ. ಅದರಿಂದ ಕೆಟ್ಟಿತು ಅಂತ ಆಕಿ ಕಿವಿಗೆ ಬೀಳಬಾರದು' ಅಂದ."

ಶಿವಗಂಗವ್ವ ಅಲ್ಲೇ ನೆಲದ ಮೇಲೆ ಕೂತಳು. ಅಂಟಿನ ತಪ್ಪು ಇರಲಿ, ಗೊತ್ತಿಲ್ಲದೆ ಆದದ್ದು ಎಂದು ಅದಕ್ಕೆ ಹೇಗಾದರೂ ಒಂದು ಸಮಾಧಾನ ಹುಡುಕಬಹುದಿತ್ತು. ಗಾಜಿನ ಖೋಲಿಯಲ್ಲಿ ಆಡಿದ ಮಾತಿಗೆ ಎಲ್ಲಿದೆ ಸಮಾಧಾನ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಯಾರೆ ಕೆಡಿಸಿಕೊಂಡಿರಿ ಎಂದು ಆಕೆ ಬೈದಾಗ, ಕೈ ಯಾರದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೌದು ಎಂದಿದ್ದ. ಆಕೆಯ ತಪ್ಪನ್ನು ಹೊತ್ತುಕೊಂಡು, ಮನೆಯ ಆಸೆಯನ್ನೂ ಬಾಯಿಯಲ್ಲೇ ನುಂಗಿಕೊಂಡು ಹೋಗಿದ್ದ. ಆಗ ಬಂತು ಅಳು. ಅಷ್ಟು ತಿಂಗಳು ಸಿಟ್ಟಿನಿಂದ ತಡೆದಿಟ್ಟದ್ದೆಲ್ಲ ಲೇತಿನ ಕಬ್ಬಿಣದ ಪುಡಿಯ ಮೇಲೆ ಬಿತ್ತು. ತವನಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಗೆ ನಿಂತ.

ಅಳು ನಿಂತ ಮೇಲೆ ಅವನು ಒಳಗೆ ಬಂದು, ಹೊಸ ಸುರುಳಿ ಸುತ್ತಿಸಿ ರಾಳ ಹಾಕಿ ಯಂತ್ರ ನಡೆಯುವಂತೆ ಮಾಡಿಕೊಡುತ್ತೇನೆ ಎಂದ. ಯಾರ ಉಸಿರಿಗೆ ಎಂದು ಆಕೆ ಕೇಳಿದಳು. ಆಕೆ ಬೇರಿಂಗ್ ಒಂದನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

ನೇರ ಮನೆಗೆ ಹೋಗಲಿಲ್ಲ. ಮೂಡಲಗಿಯ ಬಸ್ಸು ಹತ್ತಿ ಮಗಳ ಮನೆಗೆ ಹೋಗಿ, ನಿಮ್ಮಪ್ಪನ ಬೇರಿಂಗ್ ಚೆನ್ನಾಗಿತ್ತು, ಕೆಟ್ಟದ್ದು ನನ್ನ ಅಂಟು ಎಂದು ಹೇಳಿದಳು. ಈಗ ಯಾಕವ್ವಾ ಅದೆಲ್ಲ ಎಂದು ಶೋಭಾ ಅತ್ತಳು. ಮರುದಿನ ಕಣಗಲಾದಲ್ಲಿ ಇಳಿದು ಬಸ್‌ಸ್ಟಾಂಡಿನ ಹೆಂಗಸರಿಗೆ ಹೇಳಿದಳು, ದಾರಿಯಲ್ಲಿ ಸಿಕ್ಕ ಕುರುಬರಿಗೆ ಹೇಳಿದಳು. ಯಾರ್ಯಾರ ಮುಂದೆ ಗಂಡನ ಮೇಲೆ ತಪ್ಪು ಹೊರಿಸಿದ್ದಳೋ ಅವರೆಲ್ಲರ ಮುಂದೆ ಇಳಿಸಿದಳು. ಕೇಳಿದವರಿಗೆ ಬೇರಿಂಗಾದರೇನು, ಅಂಟಾದರೇನು? ಹೂಂ ಅಂದು ತಮ್ಮ ದಾರಿ ಹಿಡಿದರು.

ಗುಡ್ಡ ಹತ್ತುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಕೆ ಮನೆಯ ಬಾಗಿಲು ತೆಗೆಯದೆ ಸಮಾಧಿಯ ಹತ್ತಿರ ಹೋದಳು. ಹಿಂದೆ ಚಹಾ ಇಟ್ಟು ಹೊಸ್ತಿಲಲ್ಲಿ ಕೂರುತ್ತಿದ್ದಳಲ್ಲ, ಅಷ್ಟೇ ದೂರದಲ್ಲಿ ಕೂತಳು. ಗಂಟು ಬಿಚ್ಚಿ, ಬೇರಿಂಗನ್ನು ಮಣ್ಣಿನ ಮೇಲಿಟ್ಟು, ಬೆರಳಿನಿಂದ ಒಮ್ಮೆ ತಿರುವಿದಳು.

"ಬೇರಿಂಗ್ ಚಲೋ ಐತ್ರಿ," ಅಂದಳು. "ನೀವು ಹಾಕಿದ್ದು ಚಲೋ ಐತಿ."